ಬೀಡಿನ ಗಾಲಿ

ಗಾಲಿ ಒಡೆದಾಗ ದೊಡ್ಡ ಸದ್ದೇನೂ ಆಗಲಿಲ್ಲ. ಟಪ್ ಅಂತ ಒಂದು, ಅಷ್ಟೆ. ಅಡುಗೆಮನೆಯಲ್ಲಿ ಹಪ್ಪಳ ಮುರಿದರೆ ಅದಕ್ಕಿಂತ ಜೋರಾಗಿ ಕೇಳಿಸುತ್ತದೆ. ಆದರೆ ಚನ್ನಬಸಪ್ಪನಿಗೆ ಅಷ್ಟು ಸಾಕಾಯಿತು. ಗಾಲಿಯ ನಡುವಿನ ತೂತಿಗೆ ಆಕ್ಸಲ್ ಹಿಡಿಸಿ, ಎರಡನ್ನೂ ಒತ್ತಿ ಕೂಡಿಸುವ ವೈಸಿನ ಹಿಡಿಕೆಯನ್ನು ಎಡಗೈಯಿಂದ ಇಷ್ಟಿಷ್ಟೇ ತಿರುಗಿಸುತ್ತಿದ್ದವನು ಹಾಗೇ ನಿಂತುಬಿಟ್ಟ.

ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಒಂದು ಕಡ್ಡಿಯ ಬುಡದಿಂದ ಅಂಚಿನವರೆಗೆ ಕೂದಲೆಳೆಯಂಥ ಗೆರೆ. ಒರೆಸಿದರೂ ಹೋಗಲಿಲ್ಲ, ಉಗುರಿನಿಂದ ಕೆರೆದರೂ ಹೋಗಲಿಲ್ಲ.

"ಹೋತು. ಇದೂ ಹೋತು" ಅಂದ, ಯಾರೂ ಇಲ್ಲದ ಶೆಡ್ಡಿನಲ್ಲಿ.

ಅಲ್ಲ, ಒಂದು ಗಾಲಿ ಒಡೆದರೆ ಇಷ್ಟು ಗೋಳಾಡುವುದೇನಿದೆ ಅಂತ ನೀವು ಕೇಳಬಹುದು. ಕೇಳೋರಿಗೇನು, ಸುಲಭ. ಹುಮನಾಬಾದ್ ಕಡೆಯ ಈ ಮನುಷ್ಯ ತೆಲುಗು ಸೀಮೆಯ ಬಾಲಾನಗರದ ಒಂದು ವರ್ಕ್‌ಶಾಪಿನಲ್ಲಿ ಲೇತಿನ ಮುಂದೆ ನಿಂತು ನಿಂತೇ ತಲೆ ಬೆಳ್ಳಗೆ ಮಾಡಿಕೊಂಡವನು. ಹೋದ ವರ್ಷ, ತಗಡು ಕತ್ತರಿಸುವ ಪವರ್ ಪ್ರೆಸ್ಸಿನವನು ಬಂದಿಲ್ಲ ಅಂತ ಆ ಮಷಿನ್ನಿಗೆ ಹೋಗಿ ನಿಂತ. ಬಲಗೈಯ ನಡುವಿನ ಮೂರು ಬೆರಳುಗಳನ್ನು ಅಲ್ಲೇ ಬಿಟ್ಟುಬಂದ. ಹೆಬ್ಬೆರಳು, ಕಿರುಬೆರಳು ಉಳಿದವು. ಅವೆರಡರಿಂದ ಒಂದು ಬೀಡಿ ಹಿಡಿಯಬಹುದು, ಮೈಕ್ರೋಮೀಟರ್ ಹಿಡಿಯಲು ಬರುವುದಿಲ್ಲ.

ವರ್ಕ್‌ಶಾಪಿನ ಮಾಲೀಕ ರಾಮಕೃಷ್ಣ ಬಳ್ಳಾರಿಯವನು. ಮನೆಯಲ್ಲಿ ಕನ್ನಡ, ಕೆಲಸದವರ ಹತ್ತಿರ ತೆಲುಗು, ಸಿಟ್ಟು ಬಂದರೆ ಹಿಂದಿ. ಕೆಟ್ಟವನಲ್ಲ. ಆಸ್ಪತ್ರೆಗೆ ತಾನೇ ಓಡಾಡಿದ, ಸಂಬಳ ನಿಲ್ಲಿಸಲಿಲ್ಲ. ಆದರೆ ಆ ಕೈಯನ್ನು ಮತ್ತೆ ಲೇತಿಗೆ ಬಿಡಲು ಅವನ ಜೀವ ಒಪ್ಪಲಿಲ್ಲ. "ಗೇಟಿನ ಹತ್ರ ಕುರ್ಚಿ ಹಾಕಸ್ತೀನಿ ಬಸಪ್ಪ. ಬರೋ ಲಾರಿ, ಹೋಗೋ ಲಾರಿ ನೋಡಿಕೊಂತ ಆರಾಮ ಕುಂಡ್ರು" ಅಂದ. ಆರಾಮ ಅಂತೆ! ಕೈಯಲ್ಲಿ ಕಸುಬು ಇದ್ದವನಿಗೆ ಕುರ್ಚಿ ತೋರಿಸಿದರೆ ಹೇಗಾಗುತ್ತದೆ ಅಂತ ಕುರ್ಚಿಯಲ್ಲಿ ಕೂತವರಿಗೆ ತಿಳಿಯುವುದಿಲ್ಲ. ಚನ್ನಬಸಪ್ಪ ಫತೇನಗರದ ಬಾಡಿಗೆ ಮನೆಯ ಹಿಂದೆ ತಗಡಿನ ಶೆಡ್ಡು ಹಾಕಿಸಿ, ಒಂದು ಹಳೆಯ ಸಣ್ಣ ಲೇತ್ ತಂದಿಟ್ಟುಕೊಂಡು, ಎಡಗೈಗೆ ಅಕ್ಷರಾಭ್ಯಾಸ ಶುರುಮಾಡಿದ. ಪಕ್ಕದ ಹಳಿಯ ಮೇಲೆ ಲೋಕಲ್ ರೈಲು ಹೋದಾಗಲೆಲ್ಲ ತಗಡು ಗಡಗಡ ನಡುಗುತ್ತಿತ್ತು, ಅವನು ಮಾತ್ರ ಕೈ ನಡುಗಿಸದೆ ಕೊರೆಯುವುದನ್ನು ಕಲಿಯುತ್ತಿದ್ದ.

ಕೊನೆಗೆ ರಾಮಕೃಷ್ಣನಿಗೇ ಮನಸ್ಸು ತಡೆಯಲಿಲ್ಲ. ಅವನಪ್ಪ ಮಾಡಿಟ್ಟ ಒಂದು ಉಗಿಬಂಡಿಯ ಇಂಜಿನ್ ಇತ್ತು. ಮಾಡೆಲ್ಲು. ಆದರೆ ಆಟದ ಸಾಮಾನು ಅಂದರೆ ಜಗಳಕ್ಕೆ ಬರುತ್ತಾನೆ. ಸಣ್ಣದಾದರೂ ನಿಜವಾದ ಬಾಯ್ಲರ್, ನಿಜವಾದ ಕಲ್ಲಿದ್ದಲು, ನಿಜವಾದ ಉಗಿ. ಹಿಂದಿನ ಡಬ್ಬಿಯ ಮೇಲೆ ದೊಡ್ಡವರೇ ಕಾಲು ಇಳಿಬಿಟ್ಟು ಕೂತು ಓಡಿಸಬಹುದು. ದೀಪಾವಳಿ ಪಾಡ್ಯದ ದಿನ ವರ್ಕ್‌ಶಾಪಿನ ಅಂಗಳದಲ್ಲಿ ಹಳಿ ಹಾಸಿ ಅದನ್ನು ಓಡಿಸುವುದು ಅವರ ಮನೆತನದ ಪದ್ಧತಿ. ಅದರ ಗಾಲಿ ಸವೆದಿದ್ದವು. ಹೊಸ ನಾಲ್ಕು ಗಾಲಿಗಳ ಎರಕ ಅಪ್ಪ ಇರುವಾಗಲೇ ಹೊಯ್ಯಿಸಿಟ್ಟದ್ದು. ಮರದ ಅಚ್ಚು ಗೆದ್ದಲು ತಿಂದಿತ್ತು, ಪಟಾನ್‌ಚೆರು ಕಡೆಯ ಆ ಎರಕದ ಮನೆ ಮುಚ್ಚಿಹೋಗಿತ್ತು. ಇವು ಹೋದರೆ ಮತ್ತೆ ಸಿಗುವುದಿಲ್ಲ.

"ಗಾಲಿ ತೂತು ಕೊರದು, ಆಕ್ಸಲ್‌ಗೆ ಕೂಡಿಸಿ ಕೊಡು. ಪಾಡ್ಯಕ್ಕ ಇಂಜಿನ್ ಓಡಿತಂದ್ರ ವರ್ಕ್‌ಶಾಪಿನಾಗ ನಿನ್ನ ಲೇತ್ ನಿಂದ. ಇಲ್ಲಾಂದ್ರ ಕುರ್ಚಿ. ಮತ್ತ ಮಾತಿಲ್ಲ" ಅಂದಿದ್ದ ರಾಮಕೃಷ್ಣ.

ಈಗ ಹೇಳಿ, ಗೋಳಾಡಬೇಕೋ ಬೇಡವೋ?

ಮೊದಲ ಮೂರು ಗಾಲಿ ತಂಟೆ ಮಾಡದೆ ಕೂತಿದ್ದವು. ನಾಲ್ಕನೆಯದು ಹೀಗೆ ಮಾಡಿತು. ಗಾಲಿ ಬೀಡಿನದು. ಬೀಡು ಅಂದರೆ ಎರಕದ ಕಬ್ಬಿಣ, ಹೆಸರಿಗಷ್ಟೇ ಕಬ್ಬಿಣ. ಉಕ್ಕು ಬಗ್ಗುತ್ತದೆ, ಬೀಡು ಮಣ್ಣಿನ ಗಡಿಗೆಯಂತೆ ಸೀಳುತ್ತದೆ. ಬೆಸುಗೆ ಹಾಕಲು ಹೋದರೆ ಅದರ ಸೊಕ್ಕು ಇನ್ನೂ ಜಾಸ್ತಿ. ಒಂದು ಕಡೆ ಮಾತ್ರ ಕಾಯಿಸಿದರೆ ಇನ್ನೊಂದು ಕಡೆ ಬಾಯಿ ಬಿಡುತ್ತದೆ. ಇಡೀ ಗಾಲಿ ಒಂದೇ ಸಮ ಕಾಯಬೇಕು, ಆಮೇಲೆ ಬಾಣಂತಿಯ ಹಾಗೆ ಬೆಚ್ಚಗೆ ಮುಚ್ಚಿಟ್ಟು ನಿಧಾನಕ್ಕೆ ಆರಿಸಬೇಕು.

ಹಾಗೇ ಮಾಡಿದ. ಸೀಳಿನ ಉದ್ದಕ್ಕೂ ಅರದಿಂದ ಕಾಲುವೆ ತೆಗೆದ. ಹಳೆಯ ಪೇಂಟ್ ಡಬ್ಬಿಯಲ್ಲಿ ಇದ್ದಿಲ ಕೆಂಡ ಮಾಡಿ ಗಾಲಿ ಕಾಯಿಸಿದ. ಹೆಂಡತಿ ಶಾಮಲಾ ಇಕ್ಕಳದಲ್ಲಿ ಹಿಡಿದುಕೊಂಡಳು, ಅವನು ಎಡಗೈಯಲ್ಲಿ ಗ್ಯಾಸಿನ ಉರಿ ಹಿಡಿದು ಹಿತ್ತಾಳೆ ಕಡ್ಡಿ ಕರಗಿಸಿ ಸೀಳಿಗೆ ತುಂಬಿದ. ಬೂದಿಯ ಬಕೆಟ್ಟಿನಲ್ಲಿ ಹೂತು, ಮೇಲೆ ಗೋಣಿಚೀಲ ಹೊದಿಸಿದ.

"ಆತೇನಪಾ? ಗಾಲಿ ಕೂತುವೇನು?" ಅಂತ ಅವ್ವ ಜಯಮ್ಮ ಹಿತ್ತಲ ಬಾಗಿಲಿಂದ ಕೇಳಿದಳು. ದಿನಕ್ಕೆ ಎಷ್ಟು ಸಲ ಕೇಳುತ್ತಿದ್ದಳೋ.

"ಆಗಾಕತ್ತೈತಿ ಯವ್ವಾ. ನೀ ಒಳಗ ನಡಿ, ಹೊಗಿ ಐತಿ."

ಮರುದಿನ ಬೂದಿ ಕೆದರಿ ಗಾಲಿ ತೆಗೆದ. ಬೆಸುಗೆ ಹಾಕಿದ್ದು ಗಟ್ಟಿಯಾಗಿ ಕೂತಿತ್ತು. ಖುಷಿಯಿಂದ ಗಾಲಿ ತಿರುಗಿಸಿದ. ಎದುರಿನ ಕಡ್ಡಿಯಲ್ಲಿ ಹೊಸದೊಂದು ಸೀಳು.

ಅವನಿಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಭೂತಗನ್ನಡಿ ಹಿಡಿದು ಕೂಡಿಸಿಟ್ಟಿದ್ದ ಮೂರು ಗಾಲಿಗಳನ್ನು ನೋಡಿದ. ಒಂದರಲ್ಲಿ ಗೆರೆ ಇದ್ದಂತೆ ಕಂಡಿತು. ಇನ್ನೊಂದರಲ್ಲೂ ಕಂಡಿತು. ಮೂರನೆಯದರಲ್ಲಿ ಕಂಡಿತೋ, ಕಣ್ಣೇ ಮೋಸ ಮಾಡಿತೋ ತಿಳಿಯಲಿಲ್ಲ. ಆಗ ಅರ್ಥವಾಯಿತು, ಅಥವಾ ಅರ್ಥವಾಯಿತು ಅಂತ ಅಂದುಕೊಂಡ: ತೂತು ಸಣ್ಣದಾಗಿ ಕೊರೆದಿದ್ದೇನೆ. ನಾಲ್ಕನ್ನೂ. ಆಕ್ಸಲ್ ಒಳಗೆ ಹೋಗುವಾಗ ಎಷ್ಟು ಬಿಗಿ ಸಾಕು, ಎಲ್ಲಿ ನಿಲ್ಲಿಸಬೇಕು ಅನ್ನುವುದು ಯಾವ ಪುಸ್ತಕದಲ್ಲೂ ಇರಲಿಲ್ಲ, ಆ ಹೋದ ಬೆರಳುಗಳ ತುದಿಯಲ್ಲಿತ್ತು. ಎಡಗೈಗೆ ತಿರುಗಿಸಲು ಬರುತ್ತದೆ, ತಿಳಿಯಲು ಬರುವುದಿಲ್ಲ.

ಹೊರಗೆ ಗಲ್ಲಿಯಲ್ಲಿ ಹಳೇ ಸಾಮಾನಿನವನು ತಳ್ಳುಗಾಡಿ ತಳ್ಳುತ್ತ "ಲೋಹಾ, ಪುರಾನಾ ಸಾಮಾನ್" ಅಂತ ಕೂಗುತ್ತ ಬಂದ. ಚನ್ನಬಸಪ್ಪ ಎದ್ದು ತನ್ನ ಹತ್ಯಾರಿನ ಪೆಟ್ಟಿಗೆ ಎತ್ತಿಕೊಂಡು ಹೋಗಿ ಅವನ ಗಾಡಿಯಲ್ಲಿ ಧೊಪ್ಪೆಂದು ಇಟ್ಟ.

"ಲೇ ಜಾವ್."

"ಕಿತನೇಕು ದೇತೇ ಸಾಬ್?" ಎಷ್ಟಕ್ಕೆ ಕೊಡುತ್ತೀರಿ ಅಂತ ಗಾಡಿಯವನು ಕೇಳಿದ.

"ಮುಫತ್. ಜಾ." ಪುಕ್ಕಟೆ!

ಶಾಮಲಾ ಸೆರಗು ಸಿಕ್ಕಿಸಿಕೊಂಡು ಓಡಿಬಂದಳು. ಗಾಡಿಯವನ ಕೈಯಿಂದ ಪೆಟ್ಟಿಗೆ ಕಿತ್ತುಕೊಂಡು, ಗಂಡನನ್ನು ಬಿಟ್ಟು ಅವನಿಗೇ ಬೈದಳು. ಪಾಪ, ಅವನೇನು ಮಾಡಿದ್ದ!

"ತಲಿ ಕೆಟ್ಟೈತೇನ್ರಿ ನಿಮಗ?"

"ತಲಿ ಅಲ್ಲ, ಕೈ ಕೆಟ್ಟೈತಿ. ಮುಗೀತು ಶಾಮಲಾ. ನಾ ಗೇಟಿನಾಗ ಕುಂಡ್ರತೀನಿ. ಬಂದ ಲಾರಿಗಿ ಸಲಾಮ ಹೊಡಿತೀನಿ. ಇನ್ನ ಯಾರೂ ನನ್ನ ಮಿಸ್ತ್ರಿ ಅನಬ್ಯಾಡ್ರಿ."

"ಅನ್ನಂಗಿಲ್ಲ ಬಿಡ್ರಿ. ಆದ್ರ ಸಾಹೇಬ್ರು ಇವತ್ತು ಬರ್ತಾರ. ಎಷ್ಟು ಒಡದಾವ, ಎಲ್ಲಿ ಒಡದಾವ ಅಂತ ಕೇಳಿದ್ರ ಏನ್ ಹೇಳ್ತೀರಿ? ಇರಬಹುದು, ಕಂಡಂಗಾತು ಅಂತೀರೇನು? ಕುರ್ಚಿಗಿ ಹೋಗೂದಾದ್ರ ಸರಿಯಾಗಿ ನೋಡಿ, ಹೇಳಿ ಹೋಗ್ರಿ."

ಆ ಮಾತು ನಾಟಿತು. ಹೆಂಡತಿಯ ಮಾತು ನಾಟುವುದು ಸರಿಯಾಗಿದ್ದಾಗಲೇ ಜಾಸ್ತಿ, ಅದೊಂದು ಪೀಡೆ. ಚನ್ನಬಸಪ್ಪ ಮತ್ತೆ ಶೆಡ್ಡಿಗೆ ಹೋದ. ಸೀಳು ಹುಡುಕಲು ಬಾಲಾನಗರದವರೆಲ್ಲ ಬಲ್ಲ ಒಂದು ಉಪಾಯವಿದೆ. ಗಾಲಿಗೆ ಸೀಮೆಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಡಬೇಕು. ಆಮೇಲೆ ಒಣಬಟ್ಟೆಯಿಂದ ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಬೇಕು. ಸೀಳಿನೊಳಗೆ ಇಳಿದ ಎಣ್ಣೆ ತಾನೇ ಜಿನುಗಿ ಬಿಳಿಯ ಪುಡಿಯ ಮೇಲೆ ಗೆರೆ ಎಳೆಯುತ್ತದೆ. ಕಪ್ಪಗೆ, ಜಿಡ್ಡುಜಿಡ್ಡಾದ ಗೆರೆ.

ಎಣ್ಣೆ ಹಚ್ಚಿದ, ಒರೆಸಿದ, ಪುಡಿ ಉದುರಿಸಿದ. ಕಾದ.

ಗೆರೆ ಮೂಡಿತು. ಆದರೆ ಕಪ್ಪಗಲ್ಲ, ಹಳದಿ.

ಬಟ್ಟೆಗೆ ಏನೋ ಹತ್ತಿರಬೇಕು ಅಂದುಕೊಂಡು ಬೇರೆ ಬಟ್ಟೆ ತಂದ. ಎರಡನೆಯ ಗಾಲಿ. ಅದರಲ್ಲೂ ಹಳದಿ ಗೆರೆ, ಕಡ್ಡಿಯ ಬುಡದಿಂದ ಅಂಚಿಗೆ. ಮೂರನೆಯದರಲ್ಲೂ ಮೂಡಿತು. ಪುಡಿಯನ್ನು ಬೆರಳಿಗೆ ಹಚ್ಚಿಕೊಂಡು ಬೆಳಕಿಗೆ ಹಿಡಿದ. ಬಿಳಿಯ ಗೋಡೆಯ ಮೇಲೆ ಒರೆಸಿದ. ಅಡುಗೆ ಮನೆಯಲ್ಲಿ ಹುಟ್ಟಿ ಬೆಳೆದ ಯಾವ ಪ್ರಾಣಿಗೂ ಆ ಬಣ್ಣ ತಪ್ಪುವುದಿಲ್ಲ.

"ಶಾಮಲಾ!"

"ಬಂದೆ, ಯಾಕ ಒದರತೀರಿ?"

"ಇದು ಅರಿಷಿಣ ಹೌದೋ ಅಲ್ಲೋ?"

ಅವಳು ಉಗುರಿನಲ್ಲಿ ತೆಗೆದು ನೋಡಿದಳು. "ಅರಿಷಿಣನ. ಆಯುಧ ಪೂಜಿ ದಿನದ್ದು ಇರಬೇಕು. ನೀವು ಜಳಕಕ್ಕ ಹೋಗಿದ್ರಿ, ಅತ್ತಿ ನಾಲ್ಕೂ ಗಾಲಿ ಸಾಲಾಗಿ ನಿಂದ್ರಿಸಿ ಪೂಜಿ ಮಾಡಿದ್ರು."

"ಆಮ್ಯಾಲ ನಾ ಉಜ್ಜಿ ತೊಳದೀನಿ. ಆಕ್ಸಲ್ ಕೂಡಿಸೋ ಮೊದಲ ಒಂದ್ ಹನಿ ಬಿಡದಂಗ ತೊಳದೀನಿ. ಮ್ಯಾಲಿಂದು ಹೋಗೈತಿ, ಸೀಳಿನೊಳಗಿಂದು ಉಳದೈತಿ." ಅವನ ದನಿ ಏರಿತು. "ಅಂದ್ರ ಪೂಜಿ ದಿನಾನ ಸೀಳು ಇತ್ತು! ನಾ ಇನ್ನೂ ಆಕ್ಸಲ್ ಮುಟ್ಟಿದ್ದಿಲ್ಲ ಆವಾಗ. ನಾ ಒಡದಿಲ್ಲ ಶಾಮಲಾ. ನನ್ನ ಕೈ ಒಡದಿಲ್ಲ!"

ಅವನು ಕೂತಲ್ಲೇ ನಗತೊಡಗಿದ. ಎರಡು ಬೆರಳಿನ ಕೈಯನ್ನೂ ಐದು ಬೆರಳಿನ ಕೈಯನ್ನೂ ಮುಖದ ಮುಂದೆ ಹಿಡಿದುಕೊಂಡು, ಅಳುವವನಂತೆ ನಕ್ಕ. ತೂತು ಸರಿ ಇತ್ತು. ಬಿಗಿ ಸರಿ ಇತ್ತು. ಎಡಗೈ ಕಲಿತಿತ್ತು! ಅಪಘಾತ ಆದ ಮೇಲೆ ಅವನು ಹಾಗೆ ನಕ್ಕಿದ್ದನ್ನು ಶಾಮಲಾ ನೋಡಿರಲಿಲ್ಲ. ಆದರೆ ಅವಳು ನಗಲಿಲ್ಲ. ಅವಳ ಮುಖ ಸಣ್ಣಗಾಗುತ್ತ ಬಂತು.

"ರೀ, ಅತ್ತಿ ಹರಕಿ ಹೊತ್ತಿದ್ರು" ಅಂದಳು ಮೆಲ್ಲಗೆ. "ನಿಮ್ಮ ಕೈ ಮತ್ತ ಕಬ್ಬಿಣ ಹಿಡದ್ರ, ಹಿಡದ ಕೆಲಸದ ಮ್ಯಾಲ ಕಾಯಿ ಒಡಸ್ತೀನಿ ಅಂತ ವೀರಭದ್ರಗ ಬೇಡ್ಕೊಂಡಿದ್ರು. ಗಾಲಿಗೊಂದು ಕಾಯಿ. ಹೊಸ್ತಿಲ ಮ್ಯಾಲ ಅಲ್ಲ, ಗಾಲಿ ಮ್ಯಾಲನ ಒಡದ್ರು. ಒಂದ್ ಕಾಯಂತೂ ಒಡೀಲೇ ಇಲ್ಲ, ಎತ್ತಿ ಎತ್ತಿ ಹೊಡದ್ರು. ಗಾಲಿಗಿ ಏನರ ಆದೀತ್ರಿ ಅಂದೆ ನಾನು. ಕಬ್ಬಿಣ ಎಲ್ಲೆರ ಒಡಿತೈತೇನ ಹುಚ್ಚಿ ಅಂದ್ರು. ಅದರ ಮ್ಯಾಲನ ಅರಿಷಿಣದ ನೀರು ಹಾಕಿದ್ರು."

ನಗು ನಿಂತಿತು.

ಜಯಮ್ಮನ ಸಂಗತಿ ಗೊತ್ತಿಲ್ಲದವರಿಗೆ ಇದು ತಮಾಷೆ ಅನ್ನಿಸೀತು. ಮುದುಕಿ ಕಾಯಿ ಒಡೆಯಲು ಹೋಗಿ ಗಾಲಿ ಒಡೆದಳು, ಎರಡು ದಿನ ನಕ್ಕು ಬಿಡಬಹುದು. ಆದರೆ ಆಕೆ ಎಲ್ಲವನ್ನೂ ತನ್ನ ತಲೆಗೆ ಕಟ್ಟಿಕೊಳ್ಳುವ ಜಾತಿ. ಗಂಡ ತೀರಿಕೊಂಡಾಗ, ಆ ಶ್ರಾವಣದಲ್ಲಿ ತಾನೊಂದು ಸೋಮವಾರ ತಪ್ಪಿಸಿದ್ದಕ್ಕೇ ಹೀಗಾಯಿತು ಅಂತ ಕೂಳು ನೀರು ಬಿಟ್ಟು ಮಲಗಿದ್ದಳು. ಆಸ್ಪತ್ರೆಯಲ್ಲಿ ಮೂಗಿಗೆ ನಳಿಗೆ ಹಾಕಿ ಬದುಕಿಸಿಕೊಂಡದ್ದು. ಮಗನ ಬೆರಳು ಹೋದಾಗಲೂ ಅದೇ ದಾರಿ ಹಿಡಿದಿದ್ದವಳನ್ನು ಎಬ್ಬಿಸಿ ಕೂರಿಸಿದ್ದು ಈ ಹರಕೆಯೇ. ಮಗನ ಕೈ ತಾನು ಬೇಡಿಕೊಂಡದ್ದರಿಂದ ಬಂತು ಅನ್ನುವ ಒಂದೇ ನಂಬಿಕೆಯ ಮೇಲೆ ಆಕೆ ಉಣ್ಣುತ್ತಿದ್ದಳು, ಓಡಾಡುತ್ತಿದ್ದಳು, ದಿನಕ್ಕೆ ಹತ್ತು ಸಲ "ಆತೇನಪಾ" ಅಂತ ಕೇಳುತ್ತಿದ್ದಳು.

"ಯವ್ವಗ ಹೇಳಬ್ಯಾಡ" ಅಂದ ಚನ್ನಬಸಪ್ಪ.

"ಅತ್ತಿಗಿ ಬ್ಯಾಡ. ಸಾಹೇಬ್ರಿಗರ ಹೇಳ್ರಿ. ಒಂದ್ ಮಾತು ಸಾಕು."

"ಹೇಳ್ತೀನಿ. ಅವ್ರು ಇಲ್ಲಿ ಬರೋ ಮೊದಲ ಫ್ಯಾಕ್ಟರಿಗಿ ಹೋಗಿ ಮೆಲ್ಲಕ ಹೇಳ್ತೀನಿ. ದಾರಿನೂ ಐತಿ ಶಾಮಲಾ. ಗಾಲಿ ಅಂಚು ಒಂದೀಟು ಹೆರದು, ಹೊರಗ ಉಕ್ಕಿನ ಬಳಿ ಕಾಯಿಸಿ ತೊಡಸೂದು. ಚಕ್ಕಡಿ ಗಾಲಿಗಿ ಪಟ್ಟಿ ಬಡಿತಾರಲ್ಲ, ಹಂಗ. ಬಳಿ ಆರಿ ಬಿಗದ್ರ ಎಲ್ಲಾ ಸೀಳೂ ಮುಚ್ಕೊಂಡು ಕುಂಡ್ರತಾವ. ಪಾಡ್ಯಕ್ಕ ಓಡತೈತಿ ಇಂಜಿನ್ನು!"

ಫ್ಯಾಕ್ಟರಿಗೆ ಹೋಗುವ ಪುರುಸೊತ್ತು ಸಿಗಲಿಲ್ಲ. ಅಂಗಿ ಹಾಕಿಕೊಳ್ಳುವಷ್ಟರಲ್ಲಿ ರಾಮಕೃಷ್ಣನೇ ಬಾಗಿಲಲ್ಲಿ ನಿಂತಿದ್ದ.

"ಏಮಯ್ಯಾ ಬಸಪ್ಪ, ಎಲ್ಲಿ ನನ್ನ ಗಾಲಿ?" ಅನ್ನುತ್ತ ನೇರ ಶೆಡ್ಡಿಗೆ ಬಂದ. ಸೀಮೆಸುಣ್ಣದ ಪುಡಿ ಮೆತ್ತಿಕೊಂಡ ಗಾಲಿಗಳನ್ನು ನೋಡಿದ. ಆ ಪುಡಿ ಯಾಕೆ ಹಾಕುತ್ತಾರೆ ಅಂತ ಅವನಿಗೆ ಹೇಳಿಕೊಡಬೇಕಾಗಿರಲಿಲ್ಲ. ಬೆಸುಗೆ ಹಾಕಿದ್ದನ್ನು ಎತ್ತಿ ತಿರುಗಿಸಿ, ಹೊಸ ಸೀಳನ್ನೂ ನೋಡಿದ. ಬಯ್ಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಅಲ್ಲಿದ್ದ ಸ್ಟೂಲಿನ ಮೇಲೆ ಕೂತುಬಿಟ್ಟ.

"ನಾಲ್ಕೂ?"

"ನಾಲ್ಕೂ ಸಾರ್."

"ನಮ್ಮಪ್ಪ ಹೊಯ್ಸಿದ್ದು ಇವು." ಅವನು ಸೀಳಿನ ಮೇಲೆ ಬೆರಳಾಡಿಸಿದ. "ಹೆಂಗಾತು ಬಸಪ್ಪ?"

ಚನ್ನಬಸಪ್ಪ ಹಿತ್ತಲ ಬಾಗಿಲ ಕಡೆ ನೋಡಿದ. ಅಲ್ಲಿ ಜಯಮ್ಮ ಚಹಾದ ಬಟ್ಟಲು ಹಿಡಿದು ನಿಂತಿದ್ದಳು. ಆಗತಾನೇ ಬಂದವಳು, ಗಾಲಿ ಒಡೆದ ಮಾತು ಕೇಳಿಸಿಕೊಂಡಿದ್ದಳು.

"ಗಾಲಿ ಒಡದಾವೇನ್ರಿ ಸಾಹೇಬ್ರ?" ಅಂದಳು. "ಎಲ್ಲಾನೂ? ಅಯ್ಯ ನಮ್ಮಪ್ಪ ವೀರಭದ್ರ! ನಂದ ಏನರ ತಪ್ಪಾತೇನು? ಹರಕಿಯೊಳಗ ಏನರ ಕಮ್ಮಿ ಬಿತ್ತೇನು? ಅವತ್ತ ಪೂಜಿ ದಿನ ನಾ..."

"ನಿಂದೇನಿಲ್ಲ ಯವ್ವಾ!" ಚನ್ನಬಸಪ್ಪ ಎಷ್ಟು ಜೋರಾಗಿ ಕೂಗಿದನೆಂದರೆ ರಾಮಕೃಷ್ಣ ಬೆಚ್ಚಿದ. "ನಿಂದೇನಿಲ್ಲ. ನಾನ ತೂತು ಸಣ್ಣ ಕೊರದ್ನಿ. ಒತ್ತಿ ಕೂಡಿಸಿದ್ನಿ, ಒಡದ್ವು. ಕೈಗಿ ಬಿಗಿ ತಿಳೀಲಿಲ್ಲ ಸಾರ್."

"ರೀ!" ಅಂದಳು ಶಾಮಲಾ.

"ಸುಮ್ನಿರು" ಅಂದ ಅವಳ ಮುಖ ನೋಡದೆ.

ರಾಮಕೃಷ್ಣ ಬೆಸುಗೆಯ ಗಾಲಿಯನ್ನು ನೆಲಕ್ಕಿಟ್ಟ. ಚನ್ನಬಸಪ್ಪ ಹತ್ತಿರ ಬಂದು, ಒಂದು ಗಾಲಿ ಎತ್ತಿಕೊಂಡು, ಅವಸರ ಅವಸರವಾಗಿ ಬಳೆಯ ವಿಷಯ ಹೇಳಿದ. ಅಂಚು ಹೆರೆಯುವುದು, ಉಕ್ಕಿನ ಬಳೆ ಕಾಯಿಸಿ ತೊಡಿಸುವುದು, ಬಿಗಿದರೆ ಗಾಲಿ ಇನ್ನೂ ನೂರು ವರ್ಷ ಓಡುವುದು. "ಒಂದ್ ಅವಕಾಶ ಕೊಡ್ರಿ ಸಾರ್. ನಾಲ್ಕೂ ನಿಲ್ಲಸ್ತೀನಿ. ಇದೊಂದ್ ಸಲ."

"ದಾರಿ ಸರಿ ಐತಿ ಬಸಪ್ಪ. ಬಳಿನ ತೊಡಸಬೇಕು ಇದಕ್ಕ" ಅಂದ ರಾಮಕೃಷ್ಣ. "ಆದ್ರ ಅದು ತೂತು ಕೊರಿಯೂದಕ್ಕಿಂತ ನಾಜೂಕಿನ ಕೆಲಸ. ಒಂದೆಳಿ ಬಿಗಿ ಹೆಚ್ಚಾದ್ರ ಗಾಲಿ ಪುಡಿ ಆಗ್ತದ. ಕೈಗಿ ಬಿಗಿ ತಿಳೀವಲ್ದು ಅಂತ ನೀನ ಹೇಳಾಕತ್ತಿ. ಹೆಂಗ ಕೊಡ್ಲಿ ಹೇಳು?"

ಇದಕ್ಕೆ ಉತ್ತರವಿತ್ತು. ಮೂರು ಗಾಲಿಗಳ ಮೇಲೆ ಹಳದಿ ಗೆರೆಯಾಗಿ ಎಲ್ಲರ ಕಣ್ಣೆದುರಿಗೇ ಬಿದ್ದಿತ್ತು. ಚನ್ನಬಸಪ್ಪ ಕೈಯಲ್ಲಿದ್ದ ಗಾಲಿಯನ್ನು ಅಂಗಿಯ ತುದಿಯಿಂದ ಒರೆಸಿದ. ಬಿಳಿಯ ಪುಡಿ ಹೋಯಿತು, ಹಳದಿಯೂ ಹೋಯಿತು. ಉಳಿದೆರಡನ್ನೂ ಒರೆಸಿ, ನಾಲ್ಕನ್ನೂ ಚೀಲದಲ್ಲಿ ಹಾಕಿ ಮಾಲೀಕನ ಮುಂದೆ ಇಟ್ಟ.

"ನೀವು ಹೇಳೂದು ಖರೇ ಐತಿ ಸಾರ್."

ಆಗ ಜಯಮ್ಮ ಬಟ್ಟಲು ಕೆಳಗಿಟ್ಟು ಮುಂದೆ ಬಂದಳು. ರಾಮಕೃಷ್ಣನ ಮುಂದೆ ಎರಡೂ ಕೈ ಜೋಡಿಸಿದಳು. "ಸಾಹೇಬ್ರ, ಅಂವನ ಮ್ಯಾಲ ಸಿಟ್ಟಾಗಬ್ಯಾಡ್ರಿ. ನನ್ನ ಮಗನ ಕೈ ಮೊದಲಿನಂಗ ಇಲ್ರಿ. ಅಂವಗ ತಿಳೀವಲ್ದು, ಹಠ ಮಾಡ್ತಾನ. ನೀವು ಕುರ್ಚಿ ಕೆಲಸ ಕೊಡ್ತೀನಂದಿದ್ರೆಲ್ಲಾ, ಅದನ್ನರ ಕೊಡ್ರಿ. ನಿಮ್ಮ ಕಾಲಿಗಿ ಬೀಳ್ತೀನಿ."

"ಅಯ್ಯೋ, ಬಿಡ್ರಿ ಅಮ್ಮಾ, ದೊಡ್ಡೋರು ನೀವು." ರಾಮಕೃಷ್ಣ ಗಡಬಡಿಸಿ ಎದ್ದ. ಚೀಲ ಎತ್ತಿಕೊಂಡ. "ಸೋಮವಾರ ಬಾ ಬಸಪ್ಪ. ಗೇಟಿಗಿ."

ಅವನು ಹೋದ ಮೇಲೆ ಶಾಮಲಾ ಗಂಡನನ್ನು ಶೆಡ್ಡಿನ ಮೂಲೆಗೆ ಎಳೆದುಕೊಂಡು ಹೋದಳು. ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು, ಹಲ್ಲು ಕಚ್ಚಿ ಹಿಡಿದಿದ್ದಳು. "ಒಂದ್ ಮಾತು. ಬರೇ ಒಂದ್ ಮಾತು ಹೇಳಿದ್ರ ಮುಗೀತಿತ್ತು. ನಿಮ್ಮ ಕೈ ನೀವ ಕಡಕೊಂಡ್ರಿ ಇವತ್ತು, ಪ್ರೆಸ್ ಅಲ್ಲ."

"ಹೇಳಿದ್ರ ಆಕಿ ಎಲ್ಲಿ ಇರತಿದ್ಲು, ಅದನ್ನ ಹೇಳು ನೀ."

ಅದು ಶಾಮಲಾಳಿಗೂ ಗೊತ್ತಿತ್ತು, ಅದಕ್ಕೇ ಅಷ್ಟು ಸಿಟ್ಟು. ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಒಂದರ ಮೇಲೊಂದು ಕುಕ್ಕಿದಳು.

ಊಟದ ಹೊತ್ತಿಗೆ ಜಯಮ್ಮ ತಟ್ಟೆ ಹಾಕಿದಳು. ಮಗನ ಪಕ್ಕದಲ್ಲೇ ಕೂತಳು. ಅವನು ಎಡಗೈ ಮುಂದೆ ಮಾಡುವಷ್ಟರಲ್ಲಿ ತಾನೇ ರೊಟ್ಟಿ ಮುರಿದಳು, ಪಲ್ಯ ಹಚ್ಚಿದಳು. ಅವಳ ಮುಖದಲ್ಲಿ ನೋವಿತ್ತು, ಆದರೆ ಸಮಾಧಾನವೂ ಇತ್ತು. ಮಗನಿಗೆ ಕೂರುವ ಕೆಲಸ ಸಿಕ್ಕಿತಲ್ಲ.

"ಹೋಗಲಿ ಬಿಡು ಯಪ್ಪಾ" ಅಂದಳು. "ಜೀವ ಉಳಿಸ್ಯಾನ ದೇವರು, ಅದ ದೊಡ್ಡದು. ಇನ್ನ ನಿನ್ನ ಕೈಲೆ ಆಗೂದಿಲ್ಲ, ನಾ ಅದೀನಲ್ಲ."

ತುತ್ತನ್ನು ಅವನ ಬಾಯಿಯ ಹತ್ತಿರ ಹಿಡಿದಳು. ಚನ್ನಬಸಪ್ಪ ಎಡಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಬಾಯಿ ತೆರೆದ.